ಬ್ರೇಕ್ ಕಿರುಚುತ್ತಿದೆಯೇ? ಎಣ್ಣೆ ಬಿಡಬೇಡಿ, ಕಾರಣ ಹುಡುಕಿ

ಹಿಂದೂಪುರ: ಸಂತೆ ದಿನ ಬೆಳಿಗ್ಗೆ ಊರಿನ ಯಾವುದೇ ಮೆಕ್ಯಾನಿಕ್ ಶೆಡ್ಡಿನ ಮುಂದೆ ಅರ್ಧ ಗಂಟೆ ನಿಂತು ನೋಡಿ. ಹಳ್ಳಿಯ ಹಿರಿಯರೊಬ್ಬರು ತಮ್ಮ ಹಳೇ ಗಾಡಿ ತಳ್ಳಿಕೊಂಡು ಬರುತ್ತಾರೆ. "ಏನಪ್ಪಾ ಮೇಸ್ತ್ರಿ, ಹೋದ ತಿಂಗಳು ತಾನೇ ಲೈನರ್ ಹಾಕಿಸಿದ್ದು, ಆಗಲೇ ಕಿರ್ರ್ ಅಂತದಲ್ಲ?" ಮೇಸ್ತ್ರಿಯದು ಸಿದ್ಧ ಉತ್ತರ: "ಕೊತ್ತ ಲೈನರ್ ಕದಾ ಪೆದ್ದಾಯನಾ, ರೆಂಡು ರೋಜುಲಕಿ ಸರ್ದುಕುಂಟಾದಿ." ಪಕ್ಕದಲ್ಲಿ ಹದಿನೆಂಟು ದಾಟದ ಹುಡುಗನೊಬ್ಬ ಇನ್ನೊಂದು ಗಾಡಿಯ ಡ್ರಮ್ ಬಿಚ್ಚಿ ಕಂಪ್ರೆಸರ್ ಗಾಳಿ ಊದುತ್ತಾನೆ. ಕಪ್ಪು ಧೂಳಿನ ಮೋಡ ಎದ್ದು ಎಲ್ಲರ ಮುಖಕ್ಕೂ ಬಡಿಯುತ್ತದೆ. ಯಾರೂ ಮೂಗು ಮುಚ್ಚಿಕೊಳ್ಳುವುದಿಲ್ಲ.

ಇದರಲ್ಲಿ ಸುದ್ದಿ ಏನಿದೆ ಅಂತ ಕೇಳಬಹುದು. ಇದೆ. ಎರಡು ಗಾಲಿಯ ವಾಹನಗಳ ಸುತ್ತ ಕಳೆದ ಕೆಲವು ವರ್ಷಗಳಲ್ಲಿ ಸರ್ಕಾರ ಒಂದರ ಹಿಂದೆ ಒಂದು ನಿಯಮ ತಂದಿದೆ. ಅವುಗಳಲ್ಲಿ ಹೆಚ್ಚಿನವು ಹೊಸ ಗಾಡಿಗಳಿಗೆ. ನಮ್ಮ ಗಡಿ ಹಳ್ಳಿಗಳಲ್ಲಿ ಓಡುತ್ತಿರುವುದೋ ಹದಿನೈದು, ಇಪ್ಪತ್ತು, ನಲವತ್ತು ವರ್ಷದ ಗಾಡಿಗಳು. ಅವುಗಳ ಬ್ರೇಕಿನ ಗತಿ ಏನು ಎಂಬುದನ್ನು ಯಾರೂ ವಿಚಾರಿಸುತ್ತಿಲ್ಲ.

ನಿಯಮ ಹೊಸದಕ್ಕೆ, ಓಡಾಟ ಹಳೆಯದರಲ್ಲಿ

ಮೊದಲು ಲೆಕ್ಕ ನೋಡೋಣ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇ. 44.5ರಷ್ಟು ಜನ ದ್ವಿಚಕ್ರ ವಾಹನದಲ್ಲಿದ್ದವರು. ಈ ಕಾರಣಕ್ಕೇ 125 ಸಿಸಿ ಮೀರಿದ ಗಾಡಿಗಳಿಗೆ ಎಬಿಎಸ್ ಕಡ್ಡಾಯವಾಯಿತು. ಹೊಸ ಮಾದರಿಗಳಿಗೆ 2018ರ ಏಪ್ರಿಲ್‌ನಿಂದ, ಆಗಲೇ ಮಾರಾಟದಲ್ಲಿದ್ದ ಮಾದರಿಗಳಿಗೆ 2019ರ ಏಪ್ರಿಲ್‌ನಿಂದ. ಸಣ್ಣ ಗಾಡಿಗಳಿಗೂ ಅದನ್ನು ವಿಸ್ತರಿಸುವ ಕರಡು ನಿಯಮ 2025ರ ಜೂನ್‌ನಲ್ಲಿ ಹೊರಬಂತು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಗಾಡಿಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಬಿಡಿಭಾಗಗಳಿಗೂ ಶೇ. 18ರ ಒಂದೇ ದರ ಬಂತು.

ಹಳೇ ಗಾಡಿಯವರಿಗೆ ಸಿಕ್ಕಿದ್ದೇನು? ಶುಲ್ಕ ಹೆಚ್ಚಳ! ಹದಿನೈದು ವರ್ಷ ದಾಟಿದ ಮೋಟಾರ್ ಸೈಕಲ್ಲಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 300 ರೂಪಾಯಿಯಿಂದ 1,000ಕ್ಕೆ ಏರಿತು. ಇಪ್ಪತ್ತು ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಲ್ಲಿ ಅದು 2,000 ರೂಪಾಯಿ ಆಯಿತು. ಹಣ ಕಟ್ಟಿದ ಮೇಲೆ ಇನ್‌ಸ್ಪೆಕ್ಟರ್ ಗಾಡಿ ನೋಡುತ್ತಾರೆ. ಬ್ರೇಕನ್ನು ಎಷ್ಟು ಗಮನವಿಟ್ಟು ನೋಡುತ್ತಾರೆ ಎಂಬುದು ಗಾಡಿ ತೆಗೆದುಕೊಂಡು ಹೋದ ನಿಮಗೇ ಗೊತ್ತು.

ನಮ್ಮಲ್ಲಿ ಕೆಲವರು ಇನ್ನೊಂದು ದಾರಿ ಹೇಳಿಕೊಡುತ್ತಾರೆ: "ಐವತ್ತು ವರ್ಷ ಆಗಿದ್ದರೆ ವಿಂಟೇಜ್ ಅಂತ ಮಾಡಿಸಿಬಿಡಿ." 2021ರ ಜುಲೈನಲ್ಲಿ ಬಂದ ಆ ನಿಯಮದಲ್ಲಿ ಹೊಸ ನೋಂದಣಿಗೆ 20,000 ರೂಪಾಯಿ, ನವೀಕರಣಕ್ಕೆ 5,000. ಅದಕ್ಕಿಂತ ಮುಖ್ಯವಾದ ಸಂಗತಿ, ವಿಂಟೇಜ್ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿ, ಪೆಟ್ರೋಲ್ ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು. ಹುಣಸೆಹಣ್ಣಿನ ಮೂಟೆ ಕಟ್ಟಿಕೊಂಡು ಮಾರ್ಕೆಟ್ಟಿಗೆ ಬರುವ ಗಾಡಿಗೆ ಆ ನಂಬರು ಹೊಂದುವುದಿಲ್ಲ.

ಮೈಸೂರಿನಿಂದ ಬಂದ ಗಾಡಿ

ಈ ಹಳೇ ಗಾಡಿಗಳ ಮೇಲೆ ನಮಗಿರುವ ಮೋಹಕ್ಕೆ ಕಾರಣ ಇದೆ. 1960ರ ದಶಕದ ಆರಂಭದಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಜೆಕೊಸ್ಲೊವಾಕಿಯಾದ ತಂತ್ರಜ್ಞಾನದಿಂದ ಜಾವಾ ತಯಾರಿಸತೊಡಗಿತು. ಮುಂದೆ ಅದೇ ಯೆಜ್ಡಿ ಆಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಗಾಡಿಗಳು ಮಾತ್ರ ನಿಲ್ಲಲಿಲ್ಲ. ಎಪಿ 02 ನಂಬರಿನ ಯೆಜ್ಡಿಗಳು, ಮದ್ರಾಸಿನಲ್ಲಿ ತಯಾರಾದ ಬುಲೆಟ್ಟುಗಳು ಮಡಕಶಿರಾ, ರೊಳ್ಳ, ಅಗಳಿ, ಕುಂದುರ್ಪಿ, ಶೆಟ್ಟೂರು ಕಡೆಯ ಹಳ್ಳಿಗಳಲ್ಲಿ ಇನ್ನೂ ಉಸಿರಾಡುತ್ತಿವೆ. ಗಡಿಯಾಚೆಯ ಪಾವಗಡ, ಗೌರಿಬಿದನೂರಿನಲ್ಲೂ ಇದೇ ಕತೆ. 2018ರ ನವೆಂಬರ್‌ನಲ್ಲಿ ಜಾವಾ ಹೆಸರು, 2022ರ ಜನವರಿಯಲ್ಲಿ ಯೆಜ್ಡಿ ಹೆಸರು ಹೊಸ ಕಂಪನಿಯ ಮೂಲಕ ಮತ್ತೆ ಮಾರುಕಟ್ಟೆಗೆ ಬಂದವು. ಅವು ಡಿಸ್ಕ್ ಬ್ರೇಕಿನ ಗಾಡಿಗಳು, ಹಳೆಯದಕ್ಕೆ ಎರಡೂ ಗಾಲಿಗೆ ಡ್ರಮ್. ಒಂದೇ ಹೆಸರು, ಒಂದೇ ಚಂದ, ಆದರೆ ಬ್ರೇಕಿನ ವಿದ್ಯೆ ಬೇರೆ. ಒಂದರ ಔಷಧಿ ಇನ್ನೊಂದಕ್ಕೆ ನಡೆಯುವುದಿಲ್ಲ.

ಕಿರುಚುವುದೇಕೆ?

ಶಾಲೆಯಲ್ಲಿ ಮೇಷ್ಟ್ರು ಕರಿಹಲಗೆಯ ಮೇಲೆ ಸೀಮೆಸುಣ್ಣ ಎಳೆದಾಗ ಒಮ್ಮೊಮ್ಮೆ ಮೈ ಜುಂ ಎನ್ನುವ ಸದ್ದು ಬರುತ್ತಿತ್ತಲ್ಲ, ಬ್ರೇಕಿನ ಸದ್ದೂ ಅದೇ ಜಾತಿಯದು. ಸೀಮೆಸುಣ್ಣ ಹಲಗೆಗೆ ಅಂಟುತ್ತದೆ, ಜಾರುತ್ತದೆ, ಮತ್ತೆ ಅಂಟುತ್ತದೆ. ಇದು ಸೆಕೆಂಡಿಗೆ ಸಾವಿರಾರು ಸಲ ನಡೆದಾಗ ನಡುಕ ಹುಟ್ಟಿ ಸದ್ದಾಗುತ್ತದೆ. ಮೇಷ್ಟ್ರು ಸೀಮೆಸುಣ್ಣವನ್ನು ಮುರಿದು ಗಿಡ್ಡ ಮಾಡಿದರೆ, ಓರೆಯಾಗಿ ಹಿಡಿದರೆ, ಗಟ್ಟಿಯಾಗಿ ಹಿಡಿದರೆ ಸದ್ದು ನಿಲ್ಲುತ್ತಿತ್ತು. ಬ್ರೇಕಿಗೂ ಅಷ್ಟೇ. ಉಜ್ಜುವ ಮೈ ಶುದ್ಧವಾಗಿರಬೇಕು, ಅಂಚು ಓರೆಯಾಗಿರಬೇಕು, ಹಿಡಿದಿರುವ ಭಾಗಗಳಲ್ಲಿ ಸಡಿಲ ಇರಬಾರದು. ಈ ಮೂರನ್ನು ನೆನಪಿಟ್ಟುಕೊಂಡರೆ ಮುಕ್ಕಾಲು ಕೆಲಸ ಮುಗಿದಂತೆ.

ಒಂದು ವಿನಾಯಿತಿ ಇದೆ. ಇಬ್ಬನಿಯ ಬೆಳಿಗ್ಗೆ, ಮಳೆ ಬಿದ್ದ ಮರುದಿನ, ಮೊದಲ ನಾಲ್ಕೈದು ಸಲ ಹಿಡಿದಾಗ ಸದ್ದು ಬಂದು ಆಮೇಲೆ ನಿಂತರೆ ಚಿಂತೆ ಬೇಡ. ಡಿಸ್ಕಿನ ಮೇಲೆ ರಾತ್ರಿ ಕಟ್ಟಿದ ತೆಳು ತುಕ್ಕು ಅದು, ತಾನೇ ಉಜ್ಜಿ ಹೋಗುತ್ತದೆ. ದಿನವಿಡೀ ಕಿರುಚಿದರೆ ಮಾತ್ರ ಬಿಚ್ಚಿ ನೋಡಬೇಕು. ಕೀರಲು ಸದ್ದು ಹೋಗಿ ಗರಗರ ಎಂದು ಕಬ್ಬಿಣ ಕಬ್ಬಿಣಕ್ಕೆ ಉಜ್ಜುವ ಸದ್ದು ಬಂತೋ, ಲೈನರ್ ಮುಗಿದಿದೆ. ಅಂದೇ ಗಾಡಿ ನಿಲ್ಲಿಸಿ.

ಡ್ರಮ್ಮಿನವರಿಗೆ

ಹಳೇ ಜಾವಾ, ಯೆಜ್ಡಿ, ಬುಲೆಟ್ ಇಟ್ಟುಕೊಂಡವರು ಮೊದಲು ಲೈನರಿನ ಮೈ ನೋಡಿ. ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದು ಸುಟ್ಟು ಗಟ್ಟಿಯಾಗಿದೆ ಎಂದರ್ಥ. ಇದಕ್ಕೆ ಕಾರಣ ಹೆಚ್ಚಿನ ಸಲ ನಾವೇ. ಹಿಂದಿನ ಬ್ರೇಕಿನ ಪೆಡಲ್ ಮೇಲೆ ಸದಾ ಕಾಲಿಟ್ಟು ಓಡಿಸುವ ಚಟ ನಮ್ಮಲ್ಲಿ ಬಹಳ ಮಂದಿಗೆ. ಶೂ ಇಡೀ ದಾರಿ ಉಜ್ಜಿ ಉಜ್ಜಿ ಕಾದು ಹೊಳಪೇರುತ್ತದೆ. ಲೈನರ್ ದಪ್ಪ ಇದ್ದರೆ ಉಪ್ಪುಕಾಗದದಲ್ಲಿ ತೆಳ್ಳಗೆ ಉಜ್ಜಿ ಹೊಳಪು ತೆಗೆಯಬಹುದು. ಉಜ್ಜುವ ಮುನ್ನ ನೀರು ಚಿಮುಕಿಸಿ, ಧೂಳು ಏಳಬಾರದು. ಅದರ ಕಾರಣ ಮುಂದೆ ಹೇಳುತ್ತೇನೆ.

ಎರಡನೆಯದು ಅಂಚು. ಶೂವಿನ ಲೈನರ್ ಮೊದಲು ಡ್ರಮ್ಮಿಗೆ ತಾಗುವ ತುದಿ ಚೂಪಾಗಿದ್ದರೆ ಕಚ್ಚಿ ಕಚ್ಚಿ ಬಿಡುತ್ತದೆ. ಆ ತುದಿಯನ್ನು ಅರದಲ್ಲಿ ಸ್ವಲ್ಪ ಓರೆ ಮಾಡಿದರೆ ಅರ್ಧದಷ್ಟು ಗಾಡಿಗಳ ಸದ್ದು ಅಲ್ಲಿಗೇ ನಿಲ್ಲುತ್ತದೆ ಎನ್ನುತ್ತಾರೆ ಹಳೇ ಮೇಸ್ತ್ರಿಗಳು.

ಮೂರನೆಯದು ಡ್ರಮ್ಮಿನ ಗುಂಡು. ಕಡ್ಡಿಗಳನ್ನು ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಮಾಡಿದರೆ ಗಾಲಿಯ ಜೊತೆ ಡ್ರಮ್ಮೂ ಸ್ವಲ್ಪ ಮೊಟ್ಟೆಯಾಕಾರಕ್ಕೆ ಎಳೆಯುತ್ತದೆ. ಬ್ರೇಕ್ ಹಿಡಿದಾಗ ಪೆಡಲ್ ಕಾಲಿಗೆ ಬಡಿದಂತೆ ಮಿಡಿದರೆ ಇದೇ ರೋಗ. ಮೊದಲು ಕಡ್ಡಿ ಸರಿಮಾಡಿಸಿ, ಆಮೇಲೆ ಬೇಕಿದ್ದರೆ ಲೇತ್‌ನಲ್ಲಿ ಡ್ರಮ್ ಹೊಡೆಸಿ. ತಿರುಗಾಮುರುಗಾ ಮಾಡಿದರೆ ದುಡ್ಡು ದಂಡ. ಗಾಲಿಯ ಬೇರಿಂಗ್ ಸವೆದಿದ್ದರೂ ಇದೇ ಸದ್ದು ಬರುತ್ತದೆ, ಅದನ್ನೂ ನೋಡಿಸಿ.

ನಾಲ್ಕನೆಯದಕ್ಕೆ ಕಾಸೂ ಬೇಡ. ಗಾಲಿ ಕೂರಿಸುವಾಗ ಆಕ್ಸಲ್ ನಟ್ ಪೂರ್ತಿ ಬಿಗಿಯುವ ಮೊದಲು ಒಬ್ಬರು ಬ್ರೇಕನ್ನು ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಹಾಗೇ ಹಿಡಿದಿರುವಾಗ ಇನ್ನೊಬ್ಬರು ನಟ್ ಬಿಗಿಯಬೇಕು. ಶೂಗಳು ಡ್ರಮ್ಮಿನ ನಟ್ಟನಡುವೆ ಕೂರುತ್ತವೆ. ನಮ್ಮ ಎಷ್ಟೋ ಶೆಡ್ಡುಗಳಲ್ಲಿ ಇದನ್ನು ಮಾಡುವುದೇ ಇಲ್ಲ.

ಕೊನೆಯದಾಗಿ ಬ್ರೇಕಿನ ಕೈ, ಅಂದರೆ ಡ್ರಮ್ಮಿನ ಹೊರಗೆ ಕೇಬಲ್ ಅಥವಾ ಸಲಾಕೆ ಎಳೆಯುವ ಸಣ್ಣ ತೋಳು. ಬ್ರೇಕ್ ಹಿಡಿದಾಗ ಕೇಬಲ್ಲಿಗೂ ಆ ತೋಳಿಗೂ ನಡುವಿನ ಕೋನ 90 ಡಿಗ್ರಿ ದಾಟಬಾರದು. ದಾಟಿದರೆ ಲೈನರ್ ಸವೆದು ಒಳಗಿನ ಕ್ಯಾಮ್ ಹೆಚ್ಚು ತಿರುಗುತ್ತಿದೆ ಎಂದರ್ಥ. ಕೇಬಲ್ ಬಿಗಿ ಮಾಡಿ "ಬ್ರೇಕ್ ಬಂತು" ಎಂದುಕೊಳ್ಳುವುದು ನಮಗೆ ನಾವೇ ಮಾಡಿಕೊಳ್ಳುವ ಮೋಸ.

ಈಗ ಎಣ್ಣೆಯ ಮಾತು. ಸದ್ದು ನಿಲ್ಲಿಸಲು ಡ್ರಮ್ಮಿನೊಳಗೆ ಎರಡು ತೊಟ್ಟು ಎಣ್ಣೆ ಬಿಡುವ ಪದ್ಧತಿ ಹಳ್ಳಿಗಳಲ್ಲಿ ಇನ್ನೂ ಇದೆ. ಇಪ್ಪತ್ತು ವರ್ಷದ ಹಿಂದೆ ಈ ಲೇಖಕನೂ ಒಬ್ಬರ ಮಾತು ಕೇಳಿ ತನ್ನ ಯೆಜ್ಡಿಗೆ ಅದನ್ನೇ ಮಾಡಿದ್ದ. ಸದ್ದು ನಿಂತಿತು, ನಿಜ. ಲೇಪಾಕ್ಷಿ ರಸ್ತೆಯಲ್ಲಿ ಎಮ್ಮೆ ಅಡ್ಡ ಬಂದಾಗ ಗಾಡಿ ಮಾತ್ರ ನಿಲ್ಲಲಿಲ್ಲ. ರಸ್ತೆ ಪಕ್ಕದ ಜಾಲಿ ಗಿಡಕ್ಕೆ ನುಗ್ಗಿ ಮೊಣಕೈ ಚರ್ಮ ಕಳೆದುಕೊಂಡದ್ದಷ್ಟೇ, ಪುಣ್ಯ. ಎಣ್ಣೆ ಕುಡಿದ ಲೈನರನ್ನು ತೊಳೆದು ಸರಿಮಾಡಲು ಆಗುವುದಿಲ್ಲ, ಬಿಸಾಡಬೇಕು.

ಡಿಸ್ಕಿನವರಿಗೆ

2009ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ ಗಾಡಿಗಳಿಂದ ನಮ್ಮ ಕಡೆ ಡಿಸ್ಕ್ ಬ್ರೇಕಿನ ಪರಿಚಯ ಹೆಚ್ಚಿತು. ಹಳೇ ಕ್ಲಾಸಿಕ್‌ಗೆ ಮುಂದೆ 280 ಮಿ.ಮೀ. ಡಿಸ್ಕ್, 2021ರ ಹೊಸದಕ್ಕೆ ಮುಂದೆ 300, ಹಿಂದೆ 270. ಹೆಸರು ಒಂದೇ ಎಂದು ಒಂದರ ಪ್ಯಾಡ್ ಇನ್ನೊಂದಕ್ಕೆ ಕೇಳಬೇಡಿ. ಗಾಡಿಯ ವರ್ಷ, ಮಾದರಿ ಹೇಳಿ, ಹಳೇ ಪ್ಯಾಡನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ.

ಪ್ಯಾಡಿನಲ್ಲಿ ಮುಖ್ಯವಾಗಿ ಮೂರು ಬಗೆ. ನಾರು, ರಾಳ ಬೆರೆಸಿದ ಆರ್ಗ್ಯಾನಿಕ್ ಪ್ಯಾಡ್ ಮೆತ್ತಗೆ, ಸದ್ದು ಕಡಿಮೆ, ತಣ್ಣಗಿದ್ದಾಗಲೂ ಹಿಡಿಯುತ್ತದೆ, ಡಿಸ್ಕನ್ನು ತಿನ್ನುವುದಿಲ್ಲ. ಬೇಗ ಸವೆಯುವುದೊಂದೇ ದೋಷ. ಲೋಹದ ಪುಡಿಯನ್ನು ಕಾಯಿಸಿ ಒತ್ತಿ ಮಾಡಿದ ಸಿಂಟರ್ಡ್ ಪ್ಯಾಡ್ ಬಿಸಿಗೂ ಮಳೆಗೂ ಜಗ್ಗುವುದಿಲ್ಲ, ಬಾಳಿಕೆಯೂ ಹೆಚ್ಚು. ಆದರೆ ಸದ್ದು ಜಾಸ್ತಿ, ಅದಕ್ಕೆಂದೇ ಮಾಡಿರದ ಡಿಸ್ಕನ್ನು ತಿಂದುಹಾಕುತ್ತದೆ. ಸೆಮಿ ಮೆಟಾಲಿಕ್ ಇವೆರಡರ ನಡುವಿನದು. ಮೂವತ್ತರಿಂದ ಅರವತ್ತು ಕಿಲೋಮೀಟರ್ ವೇಗದಲ್ಲಿ ಹಳ್ಳಿಯಿಂದ ಪೇಟೆಗೆ ಓಡಾಡುವವರಿಗೆ ಕಂಪನಿ ಹೇಳಿದ ಪ್ಯಾಡ್, ಇಲ್ಲವೇ ಒಳ್ಳೆಯ ಆರ್ಗ್ಯಾನಿಕ್ ಸಾಕು. "ರೇಸಿಂಗ್ ಪ್ಯಾಡ್" ಎಂದು ಅಂಗಡಿಯವ ಹೊಗಳಿದರೆ ಕೈಮುಗಿದು ಬನ್ನಿ.

ಕೆಲವು ಪ್ಯಾಡುಗಳ ಬೆನ್ನಿಗೆ ಎಫ್‌ಎಫ್, ಜಿಜಿ ಎಂಬ ಎರಡು ಅಕ್ಷರ ಇರುತ್ತವೆ. ಮೊದಲನೆಯದು ತಣ್ಣಗಿದ್ದಾಗಿನ ಹಿಡಿತ, ಎರಡನೆಯದು ಕಾದಾಗಿನ ಹಿಡಿತ. ಇ ಗಿಂತ ಎಫ್, ಎಫ್ ಗಿಂತ ಜಿ ಹೆಚ್ಚು. ಎರಡನೇ ಅಕ್ಷರ ಮೊದಲನೆಯದಕ್ಕಿಂತ ಕೆಳಗಿದ್ದರೆ ಕಾದ ಮೇಲೆ ಬ್ರೇಕ್ ಸಡಿಲವಾಗುತ್ತದೆ ಎಂದು ತಿಳಿಯಿರಿ.

ಡಿಸ್ಕ್ ಕಿರುಚಿದರೆ ಪ್ಯಾಡನ್ನೇ ದೂರಬೇಡಿ. ಕ್ಯಾಲಿಪರ್ ಜಾರಾಡುವ ಪಿನ್ನುಗಳು ನಮ್ಮ ಕೆಂಪು ಧೂಳಿಗೆ ಒಣಗಿ ಹಿಡಿದುಕೊಂಡಿರುತ್ತವೆ. ಅವನ್ನು ಬಿಚ್ಚಿ, ಒರೆಸಿ, ಬ್ರೇಕಿಗೆಂದೇ ಬರುವ ಗ್ರೀಸ್ ತೆಳುವಾಗಿ ಹಚ್ಚಿಸಿ. ಪ್ಯಾಡಿನ ಬೆನ್ನಿನ ತೆಳು ತಗಡನ್ನು ಕೆಲವರು "ಬೇಡದ ವಸ್ತು" ಎಂದು ಎಸೆಯುತ್ತಾರೆ. ಅದು ಇರುವುದೇ ನಡುಕ ತಡೆಯಲು! ಗ್ರೀಸ್ ಏನಿದ್ದರೂ ಬೆನ್ನಿಗೆ, ಪಿನ್ನಿಗೆ. ಉಜ್ಜುವ ಮುಖಕ್ಕೆ ಬೆರಳೂ ತಾಗಬಾರದು. ಮುಂದಿನ ಫೋರ್ಕಿನ ಆಯಿಲ್ ಸೋರಿ ಪ್ಯಾಡಿಗೆ ಬಿದ್ದಿದ್ದರೆ ಮೊದಲು ಸೀಲ್ ಬದಲಿಸಿ, ಆಮೇಲೆ ಪ್ಯಾಡ್. ಪ್ಯಾಡುಗಳನ್ನು ಜೋಡಿಯಾಗಿಯೇ ಬದಲಿಸಿ. ಡಿಸ್ಕಿನ ಮೇಲೆ ಕೆತ್ತಿರುವ ಕನಿಷ್ಠ ದಪ್ಪಕ್ಕಿಂತ ಅದು ತೆಳ್ಳಗಾಗಿದ್ದರೆ ಡಿಸ್ಕೂ ಹೊಸದೇ ಬೇಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಅದರ ಜಾಗಕ್ಕೆ ಎಂಜಿನ್ ಆಯಿಲ್ ಹಾಕಿದರೆ ರಬ್ಬರ್ ಸೀಲು ಉಬ್ಬಿ ಬ್ರೇಕೇ ಹೋಗುತ್ತದೆ.

ಹೊಸ ಪ್ಯಾಡ್, ಹೊಸ ಲೈನರ್ ಯಾವುದೇ ಇರಲಿ, ಅಂದೇ ಕುಟುಂಬ ಸಮೇತ ಹೊರಡಬೇಡಿ. ಖಾಲಿ ರಸ್ತೆಯಲ್ಲಿ ನಲವತ್ತರ ವೇಗದಿಂದ ಹತ್ತಕ್ಕೆ ಇಪ್ಪತ್ತು ಸಲ ಮೆಲ್ಲಗೆ ಇಳಿಸಿ, ನಡುನಡುವೆ ತಣಿಯಲು ಬಿಡಿ. ಮೇಸ್ತ್ರಿ ಹೇಳಿದ "ಸರ್ದುಕುಂಟಾದಿ" ಎಂಬ ಮಾತು ಪೂರ್ತಿ ಸುಳ್ಳಲ್ಲ. ಅದು ತಾನಾಗಿ ಆಗುವುದಿಲ್ಲ, ನಾವು ಕೂರಿಸಬೇಕು.

ಊದುವ ಧೂಳಿನಲ್ಲಿ ಏನಿದೆ?

ಈಗ ಆ ಹುಡುಗನ ಕಂಪ್ರೆಸರ್ ವಿಷಯ. ಹಳೇ ಕಾಲದ ಲೈನರ್‌ಗಳಲ್ಲಿ ಕಲ್ನಾರು ಬೆರೆಸುವುದು ಸಾಮಾನ್ಯವಾಗಿತ್ತು. ತೆಲುಗಿನಲ್ಲಿ ರಾತಿನಾರ ಎನ್ನುತ್ತೇವಲ್ಲ, ಅದೇ. ಅದು ನಮಗೆ ದೂರದ್ದೂ ಅಲ್ಲ, ಪಕ್ಕದ ಕಡಪ ಜಿಲ್ಲೆಯ ಪುಲಿವೆಂದುಲ ಸೀಮೆಯಲ್ಲಿ ಅದರ ಗಣಿಗಳಿದ್ದವು. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ತೀರ್ಮಾನ. ಯುರೋಪಿನ ಒಕ್ಕೂಟ 2005ರಲ್ಲಿ ಅದನ್ನು ಪೂರ್ತಿ ನಿಷೇಧಿಸಿತು. ನಮ್ಮಲ್ಲಿ ನಿಷೇಧ ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಒಪ್ಪಲಿಲ್ಲ. ಈ ನಾರು ಎದೆಗೆ ಸೇರಿದರೆ ರೋಗ ಕಾಣಿಸಿಕೊಳ್ಳುವುದು ಇಪ್ಪತ್ತು, ನಲವತ್ತು ವರ್ಷದ ಮೇಲೆ. ಇಂದು ಊದುವ ಹುಡುಗನಿಗೆ ಆಗ ಮಕ್ಕಳಿರುತ್ತಾರೆ, ಮರಿಗಳಿರುತ್ತಾರೆ. ಕಾರಣ ಯಾರಿಗೂ ನೆನಪಿರುವುದಿಲ್ಲ.

ಆದ್ದರಿಂದ ಎರಡು ಮಾತು. ಒಂದು, "ಮೈಸೂರು ಕಾಲದ ಒರಿಜಿನಲ್ ಸ್ಟಾಕ್" ಎಂದು ಯಾರಾದರೂ ಮೂವತ್ತು ವರ್ಷ ಹಳೆಯ ಲೈನರ್ ಕೊಟ್ಟರೆ ಮೋಹಕ್ಕೆ ಬೀಳಬೇಡಿ. ಕಲ್ನಾರು ಇಲ್ಲ ಎಂದು ಡಬ್ಬಿಯ ಮೇಲೆ ಬರೆದಿರುವ ಹೊಸದನ್ನೇ ಕೊಳ್ಳಿ. ಎರಡು, ಡ್ರಮ್ ಬಿಚ್ಚಿದಾಗ ಊದಿಸಬೇಡಿ. ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಲು ಹೇಳಿ. ಮೇಸ್ತ್ರಿ ನಕ್ಕರೂ ಚಿಂತೆಯಿಲ್ಲ, ಐದು ನಿಮಿಷ ಹೆಚ್ಚಾಗುತ್ತದೆ ಅಷ್ಟೇ.

ಗಡಿಯಾಚೆ ಕೊಂಡರೆ?

ನಾವು ಗಡಿಯ ಜನ. ಬಿಡಿಭಾಗಕ್ಕೆ ಹಿಂದೂಪುರ, ಕಲ್ಯಾಣದುರ್ಗದಲ್ಲಿ ಸಿಗದಿದ್ದರೆ ಪಾವಗಡಕ್ಕೆ, ಗೌರಿಬಿದನೂರಿಗೆ, ಕೊನೆಗೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುತ್ತೇವೆ. ಹೆಸರಾಂತ ಕಂಪನಿಯ ಡಬ್ಬಿಯಲ್ಲಿ ನಕಲಿ ಪ್ಯಾಡ್ ಸಿಕ್ಕರೆ "ಅದು ಬೇರೆ ರಾಜ್ಯ, ಯಾರು ಅಲೆಯುತ್ತಾರೆ" ಎಂದು ಸುಮ್ಮನಾಗುತ್ತೇವೆ. ಇಲ್ಲೇ ನಮ್ಮ ಅಜ್ಞಾನ. 2020ರ ಜುಲೈನಿಂದ ಜಾರಿಯಲ್ಲಿರುವ 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ವಸ್ತು ಬೆಂಗಳೂರಿನಲ್ಲಿ ಕೊಂಡಿದ್ದರೂ ಸರಿ. ಐದು ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. 1915 ಸಹಾಯವಾಣಿಗೆ ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡಬಹುದು. ಆದರೆ ಇದಕ್ಕೆಲ್ಲ ಒಂದು ಚೀಟಿ ಬೇಕು, ಜಿಎಸ್‌ಟಿ ನಂಬರಿರುವ ಬಿಲ್ಲು. ಐವತ್ತು ರೂಪಾಯಿ ಉಳಿಯುತ್ತದೆಂದು ಬಿಲ್ಲು ಬಿಟ್ಟವನಿಗೆ ಕಾಯ್ದೆಯ ನೆರವು ಸಿಗುವುದು ಕಷ್ಟ.

ಮಾಡಬೇಕಾದ್ದೇನು?

ಕೊನೆಗೊಂದು ಗಣಿತ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಕಣ್ಣಿಗೆ ಕಂಡು ಕೈ ಹಿಡಿಯುವಷ್ಟರಲ್ಲಿ ಆ ಒಂದು ಸೆಕೆಂಡು ಹೋಯಿತು. ಎರಡೂ ಬ್ರೇಕ್ ಸರಿಯಾಗಿದ್ದರೆ ಒಟ್ಟು 40 ಮೀಟರಿನಲ್ಲಿ ನಿಲ್ಲಬಹುದು. ಹಿಡಿತ ಅರ್ಧಕ್ಕೆ ಇಳಿದಿದ್ದರೆ 63 ಮೀಟರ್ ಬೇಕು. ಆ 23 ಮೀಟರಿನಲ್ಲಿ ಒಂದು ಎಮ್ಮೆ, ಒಂದು ಟ್ರ್ಯಾಕ್ಟರ್, ಶಾಲೆಗೆ ಹೋಗುವ ಒಂದು ಮಗು, ಏನು ಬೇಕಾದರೂ ಇರಬಹುದು. "ಮುಂದಿನ ಬ್ರೇಕ್ ಹಿಡಿದರೆ ಬೀಳ್ತೀವಿ" ಎಂದು ಹಿಂದಿನದನ್ನಷ್ಟೇ ತುಳಿಯುವವರಿಗೆ ಇನ್ನೂ ಹೆಚ್ಚು ಬೇಕು. ನಿಲ್ಲುವಾಗ ಭಾರವೆಲ್ಲ ಮುಂದಕ್ಕೆ ಬರುವುದರಿಂದ ಗಾಡಿ ನಿಲ್ಲಿಸುವ ಶಕ್ತಿ ಹೆಚ್ಚಿರುವುದು ಮುಂದಿನ ಗಾಲಿಯಲ್ಲೇ. ಎರಡನ್ನೂ ಕೂಡಿಸಿ, ಮೆಲ್ಲಗೆ ಆರಂಭಿಸಿ ಬಿಗಿ ಹಿಡಿಯಬೇಕು.

ಸಾರಿಗೆ ಕಚೇರಿಯವರು 2,000 ರೂಪಾಯಿ ತೆಗೆದುಕೊಳ್ಳುವ ದಿನ ಗಾಡಿಯನ್ನು ಒಮ್ಮೆ ಓಡಿಸಿ ನಿಲ್ಲಿಸಿ ನೋಡಲಿ. ಹಿಂದೂಪುರ ಈಗ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ, ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿದಿದೆ. ಎರಡೂ ಕಡೆಯ ಐಟಿಐಗಳು ವರ್ಷಕ್ಕೊಮ್ಮೆ ಶೆಡ್ಡಿನ ಹುಡುಗರನ್ನು ಕರೆದು ಒಂದು ದಿನದ ಪಾಠ ಹೇಳಲಿ, ಒಂದೊಂದು ಮುಖಗವಸು ಕೊಡಲಿ. ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಇಷ್ಟೇ. ನಾಳೆ ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ಎರಡು ಹೆಜ್ಜೆ ತಳ್ಳಿ ಮುಂದಿನ ಬ್ರೇಕ್ ಒಮ್ಮೆ, ಹಿಂದಿನದು ಒಮ್ಮೆ ಹಿಡಿದು ನೋಡಿ. ಕಿರುಚಿದರೆ ಬೈಯಬೇಡಿ. ಮನೆಯ ನಾಯಿ ಸುಮ್ಮನೆ ಬೊಗಳುವುದಿಲ್ಲ.